ಒಂದು ರೂಪಾಯಿಯ ಲೆಕ್ಕ

ನಮ್ಮ ಪ್ರಾಂತದ ಗೃಹಿಣಿಯು ಬೆಳಗಿನ ಜಾವ ಡೇರಿಗೆ ಹಾಲು ಹಾಕಿ ಹಿಂದಿರುಗುವಾಗ, ಅಳತೆಯೆಷ್ಟು, ಜಿಡ್ಡಿನ ಅಂಶವೆಷ್ಟು ಎಂಬುದನ್ನು ಯಂತ್ರವೇ ಮುದ್ರಿಸಿದ ಚೀಟಿಯೊಂದು ಅನೇಕ ಊರುಗಳಲ್ಲಿ ಆಕೆಯ ಕೈಗೆ ಬರುತ್ತದೆ. ಅಂಕಿ ತಪ್ಪಿದ್ದರೆ ಆಕೆ ಅಲ್ಲಿಯೇ ನಿಂತು ಕೇಳುವಳು. ಅದೇ ಆಕೆಯ ಬೀದಿಯಲ್ಲಿ ಪುರಸಭೆಗೆ ಸ್ಪರ್ಧಿಸಿದವರು ಎಷ್ಟು ಹಣವನ್ನು ವ್ಯಯಮಾಡಿದರೆಂದು ಕೇಳಿದರೆ ಮಾತ್ರ ಉತ್ತರ ಹೇಳುವವರಿಲ್ಲ. ಲೆಕ್ಕವೇ ಇಲ್ಲವೆಂದಲ್ಲ, ಅದು ಕಡತದಲ್ಲಿ ನಿದ್ರಿಸುತ್ತಿರುತ್ತದೆ.

ಪಾಂಡವಪುರ, ನಾಗಮಂಗಲಗಳಲ್ಲಿ 2018ರ ಆಗಸ್ಟ್ ತಿಂಗಳಲ್ಲಿಯೂ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆಗಳಲ್ಲಿ 2019ರ ಮೇ ತಿಂಗಳಲ್ಲಿಯೂ ಇಂತಹ ಚುನಾವಣೆಗಳು ನಡೆದುವು. ಇವು ರಾಜ್ಯ ಚುನಾವಣಾ ಆಯೋಗಕ್ಕೆ ಸೇರಿದುವು. ವಿಧಾನಸಭೆ ಲೋಕಸಭೆಗಳನ್ನು ನಡೆಯಿಸುವ ಭಾರತ ಚುನಾವಣಾ ಆಯೋಗವೇ ಬೇರೆ. ಆ ದೊಡ್ಡ ಚುನಾವಣೆಗಳ ವಿಧಿಯನ್ನು ಮೊದಲು ನೋಡೋಣ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಅಭ್ಯರ್ಥಿಯು ನಾಮಕರಣದ ದಿನದಿಂದ ಫಲಿತಾಂಶದ ದಿನದವರೆಗಿನ ವೆಚ್ಚವನ್ನೆಲ್ಲ ಬರೆದಿಟ್ಟು, ಮೂವತ್ತು ದಿನಗಳೊಳಗಾಗಿ ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸತಕ್ಕದ್ದು. ಸಕಾರಣವಿಲ್ಲದೆ ತಪ್ಪಿದವನನ್ನು ಮೂರು ವರ್ಷ ಅನರ್ಹನನ್ನಾಗಿ ಮಾಡಬಹುದು. 1961ರ ನಿಯಮಗಳಲ್ಲಿ ಇನ್ನೊಂದು ಸೊಗಸಾದ ಮಾತಿದೆ: ಒಂದು ರೂಪಾಯಿ ಶುಲ್ಕ ತೆತ್ತ ಯಾರೇ ಆಗಲಿ ಆ ಲೆಕ್ಕವನ್ನು ನೋಡಬಹುದು!

ರೂಪಾಯಿಯೇನೋ ಒಂದೇ. ಆದರೆ ನಾಗಮಂಗಲದವರೂ ಕೃಷ್ಣರಾಜಪೇಟೆಯವರೂ ಅದಕ್ಕಾಗಿ ಮಂಡ್ಯಕ್ಕೆ ಬಸ್ಸು ಹತ್ತಬೇಕು. 2023ರ ಜೂನ್ ತಿಂಗಳಲ್ಲಿ ಸ್ತ್ರೀಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತೆನ್ನಿ. ಆ ದಿನದ ಕೂಲಿ ಹೋದದ್ದು ಹೋದಂತೆಯೇ. ಪುಟಗಳ ಛಾಯಾಪ್ರತಿಯನ್ನು ಅಂತರ್ಜಾಲದಲ್ಲಿ ಇಡುವ ಪದ್ಧತಿಯೂ ಬಂದಿದೆ. ಆದರೆ ಕೈಬರಹದ ಪುಟದ ಚಿತ್ರವನ್ನು ಕೂಡಿಸಲಾಗದು, ಕಳೆಯಲಾಗದು, ಒಂದು ಹೆಸರನ್ನು ಹುಡುಕಲೂ ಆಗದು. ಲೆಕ್ಕವನ್ನು ಮೊದಲಿನಿಂದಲೇ ಗಣಕದ ನಮೂನೆಯಲ್ಲಿ ತುಂಬಿ ಒಪ್ಪಿಸುವುದಕ್ಕೂ ಇದಕ್ಕೂ ಬಹಳ ಅಂತರವುಂಟು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರಗಳ ಕಚೇರಿಯ ಪ್ರಕರಣವಿದೆ. ಆಷಾಢದ ಹೊತ್ತಿಗೆ ಅಧಿಕಾರಿಗಳು ಮುದ್ರೆಯೊತ್ತಿದ ಪುಸ್ತಕಗಳೊಡನೆ ಬಂದು ಸೇರಬೇಕು. ಬಂದವರು ಪರಸ್ಪರ ಮಾತನಾಡಕೂಡದು! ಲೆಕ್ಕವನ್ನು ಹೊಂದಿಸಿಕೊಳ್ಳುವ ಸಂಭವವನ್ನು ಅವನು ಚೆನ್ನಾಗಿ ಬಲ್ಲವನು. ಆದರೆ ಅವನ ಕಾಲದ ಲೆಕ್ಕವನ್ನು ನೋಡತಕ್ಕವನು ರಾಜ. ಈಗ ನೋಡತಕ್ಕವರು ನಾವು.

ಭಾರತ ಚುನಾವಣಾ ಆಯೋಗವು 2023ರ ಜುಲೈ ತಿಂಗಳಲ್ಲಿ ರಾಜಕೀಯ ಪಕ್ಷಗಳು ತಮ್ಮ ದೇಣಿಗೆ, ವಾರ್ಷಿಕ ಲೆಕ್ಕ, ಚುನಾವಣಾ ವೆಚ್ಚಗಳನ್ನು ಅಂತರ್ಜಾಲದ ಮೂಲಕವೇ ಸಲ್ಲಿಸುವ ಏರ್ಪಾಡನ್ನು ತೆರೆಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ 2021ರಿಂದ ಊರ ಚುನಾವಣೆಗಳ ಲೆಕ್ಕಗಳನ್ನು ಕೂಡ, ಸಲ್ಲಿಕೆಯ ಗಡುವು ಮುಗಿದ 72 ಗಂಟೆಗಳೊಳಗೆ ಸ್ಥಳೀಯ ಸಂಸ್ಥೆಯೇ ಪ್ರಕಟಿಸಬೇಕೆಂದು ವಿಧಿಸಿದ್ದಾರೆ. ಆ ದೇಶದ ಸೆನೆಟ್ಟಿನ ಅಭ್ಯರ್ಥಿಗಳು ಮಾತ್ರ 2018ರವರೆಗೆ ಕಾಗದದಲ್ಲಿಯೇ ಒಪ್ಪಿಸುತ್ತಿದ್ದರು. ದೊಡ್ಡವರ ಸಂಕೋಚ ಎಲ್ಲೆಡೆಯೂ ಒಂದೇ!

ಚಿಕ್ಕ ಚುನಾವಣೆಗೇ ಈ ಏರ್ಪಾಡು ಹೆಚ್ಚು ಅವಶ್ಯಕವೆಂದು ನನ್ನ ಅಭಿಪ್ರಾಯ. ವಿಧಾನಸಭೆಯ ಅಭ್ಯರ್ಥಿಗೆ 2022ರಲ್ಲಿ ಗೊತ್ತುಮಾಡಿದ ಮಿತಿ 40 ಲಕ್ಷ. ಅಷ್ಟು ದೊಡ್ಡ ಮೊತ್ತವನ್ನು ಬೀದಿಯವರು ಪರೀಕ್ಷಿಸಲಾರರು. ವಾರ್ಡಿನ ಲೆಕ್ಕವನ್ನಾದರೋ ಬೀದಿಯವರಲ್ಲದೆ ಮತ್ತಾರೂ ಪರೀಕ್ಷಿಸಲಾರರು. ಶಾಮಿಯಾನ ಯಾರದು, ಟೆಂಪೋ ಎಷ್ಟು ದಿನ ಓಡಿತು, ಯಾರ ತೋಟದಲ್ಲಿ ಬಾಡೂಟ ನಡೆಯಿತು ಎಂಬುದು ಮಂಡ್ಯದ ಅಧಿಕಾರಿಗೆ ಹೇಗೆ ತಿಳಿದೀತು? ಮೂರು ದಿನ ಬಾಡೂಟ ನಡೆದಲ್ಲಿ ಚಹಾದ ವೆಚ್ಚವನ್ನು ಮಾತ್ರ ಬರೆದಿದ್ದರೆ, ಪಾತ್ರೆ ತೊಳೆದ ಹೆಂಗಸಿಗೆ ನಗು ಬಾರದಿದ್ದೀತೆ?

ಗಣಕದಲ್ಲಿಯೂ ಸುಳ್ಳನ್ನು ಬರೆಯಬಹುದಲ್ಲಾ ಎನ್ನುವಿರಿ. ನಿಜ. ರಾತ್ರಿಯ ಹೊತ್ತು ಕೈಯಿಂದ ಕೈಗೆ ಹೋಗುವ ನೋಟಿಗೆ ರಶೀತಿ ಎಲ್ಲಿಯದು? ಗೊತ್ತಿದ್ದರೂ ನೆರೆಯವನ ಮೇಲೆ ದೂರು ಬರೆಯಲು ಅಂಜುವವರೇ ಹೆಚ್ಚು. ಇದಕ್ಕೆ ಯಂತ್ರದಲ್ಲಿ ಔಷಧವಿಲ್ಲ. ಮೊದಲ ಬಾರಿಗೆ ನಿಂತ ಬಡ ಹೆಣ್ಣುಮಗಳಿಗೆ ಈ ನಮೂನೆಯೇ ಹೊರೆಯಾಗಲೂಬಹುದು. ಅಂಥವರ ಲೆಕ್ಕವನ್ನು ಪುರಸಭೆಯ ಕಚೇರಿಯಲ್ಲಿಯೇ ಗುಮಾಸ್ತರು ಶುಲ್ಕವಿಲ್ಲದೆ ತುಂಬಿಕೊಡಬೇಕು. ಆಕೆ ಕರಪತ್ರಕ್ಕೆ ಕೊಟ್ಟ ಅಲ್ಪ ಹಣವೂ ಎದುರಾಳಿಯ ಮೊತ್ತದ ಪಕ್ಕದಲ್ಲಿಯೇ ಎಲ್ಲರಿಗೂ ಕಾಣಲಿ.

ಅಲ್ಲಿಯವರೆಗೆ, ಮುಂದಿನ ವಿಧಾನಸಭಾ ಚುನಾವಣೆ ಮುಗಿದು ಲೆಕ್ಕಗಳು ಸೇರಿದ ಮೇಲೆ ಮಂಡ್ಯದಲ್ಲಿ ಬೇರೆ ಕೆಲಸವಿದ್ದವರು ಜಿಲ್ಲಾ ಚುನಾವಣಾ ಕಚೇರಿಗೂ ಹೋಗಿ, ಒಂದು ರೂಪಾಯಿ ಕೊಟ್ಟು, ತಮ್ಮ ಕ್ಷೇತ್ರದ ಪುಸ್ತಕವನ್ನು ಕೇಳಿ ನೋಡಲಿ.