ಟವಲಿನ ಕೆಳಗಿನ ಬಾಡಿಗೆ



1980ರ ಜುಲೈನಲ್ಲಿ ನರಗುಂದ-ನವಲಗುಂದದಲ್ಲಿ ಗೋಲಿಬಾರ್ ಆದಂದಿನಿಂದ ಈ ನಾಡಿನ ರೈತ ಒಂದೇ ಮಾತು ಕೇಳುತ್ತಾ ಬಂದಿದ್ದಾನೆ: ಬೆಳೆದ ಮಾಲಿಗೆ ಬೆವರಿಗೆ ತಕ್ಕ ಬೆಲೆ ಕೊಡಿ. ಆ ಬೆಲೆಯ ಲೆಕ್ಕದಲ್ಲಿ ಬೀಜ, ಗೊಬ್ಬರ, ಆಳು, ಕರೆಂಟು, ಬಡ್ಡಿ ಎಲ್ಲವನ್ನೂ ಬರೆದೆವು. ಸಾಗಣೆ ಬಾಡಿಗೆ ಕಟ್ಟಕಡೆಯ ಸಾಲಿನಲ್ಲಿತ್ತು. ಮಂಡಿಯಲ್ಲಿ ಮೂಟೆ ಇಳಿಸಿದ ಮೇಲೆ ಮುಂದಿನ ಬಾಡಿಗೆ ವ್ಯಾಪಾರಿಯ ತಲೆನೋವು. ಈಗ ಹಾಗಿಲ್ಲ. ಬಾಡಿಗೆ ನಮ್ಮ ತಲೆಯ ಮೇಲೆಯೇ ಬಂದು ಕೂತಿದೆ.

ಹೇಗೆ ಅಂತೀರಾ? ಹತ್ತು ವರ್ಷದಿಂದ ಸರ್ಕಾರದವರು, ಕೃಷಿ ಇಲಾಖೆಯವರು, ಬ್ಯಾಂಕಿನವರು ಎಲ್ಲರೂ ಒಂದೇ ಉಪದೇಶ ಮಾಡುತ್ತಿದ್ದಾರೆ: ದಲ್ಲಾಳಿಯನ್ನು ಬಿಡಿ, ನೇರವಾಗಿ ಗ್ರಾಹಕನಿಗೆ ಮಾರಿ, ಸಾಲದಿಂದ ಪಾರಾಗಿ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುತ್ತೇವೆ ಅಂತ ಯೋಜನೆ ತಂದಿತು. ಒಳ್ಳೆಯದೇ. ನಮ್ಮ ತರೀಕೆರೆ, ಕಡೂರು, ಅಜ್ಜಂಪುರದ ಹುಡುಗರೂ ಹೆಂಗಸರೂ ಕೈ ಹಾಕಿದ್ದಾರೆ. ಅಡಿಕೆ ಹಾಳೆಯ ತಟ್ಟೆ, ಕಾಳುಮೆಣಸು, ಕಾಫಿಪುಡಿ, ಕೊಬ್ಬರಿ ಎಣ್ಣೆ, ರಾಗಿ ಹುರಿಹಿಟ್ಟು, ಹಪ್ಪಳ, ಉಪ್ಪಿನಕಾಯಿ, ಇವೆಲ್ಲ ಈಗ ಡಬ್ಬದಲ್ಲಿ ಕೂತು ಪುಣೆ, ಹೈದರಾಬಾದು, ಚೆನ್ನೈ, ಕೊಚ್ಚಿಗೆ ಹೊರಡುತ್ತವೆ. ಆದರೆ ಡಬ್ಬ ರಾಜ್ಯದ ಗಡಿ ದಾಟಬೇಕಾದರೆ ಪಾರ್ಸೆಲ್ ಆಫೀಸಿನ ಕಿಟಕಿಯನ್ನು ಮೊದಲು ದಾಟಬೇಕು. ಅಲ್ಲಿ ನಡೆಯುವುದೇನು ಅನ್ನುವುದೇ ಈ ತಿಂಗಳ ಪ್ರಶ್ನೆ.

ಹಿರಿಯರಿಗೆ ನೆನಪಿದೆ. ಒಂದು ಕಾಲದಲ್ಲಿ ಮಂಡಿಯಲ್ಲಿ ಇಬ್ಬರು ವ್ಯಾಪಾರಿಗಳು ಟವಲಿನ ಕೆಳಗೆ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಮಾಲು ನಮ್ಮದು, ದರ ನಮಗೇ ಗೊತ್ತಾಗುತ್ತಿರಲಿಲ್ಲ. ತೂಕದಲ್ಲಿ ಕಡತ, ಸ್ಯಾಂಪಲ್ ಅಂತ ಒಂದು ಬೊಗಸೆ, ಧರ್ಮದ ಹೆಸರಿನಲ್ಲಿ ಇನ್ನೊಂದು ಮುರಿತ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದದ್ದು ಆ ಟವಲನ್ನು ಎತ್ತುವುದಕ್ಕೆ. ಬಹಿರಂಗವಾಗಿ ಹರಾಜು, ಎದುರಿಗೆ ತೂಕ, ಗೊತ್ತಾದ ಕಮಿಷನ್. ಕಾಯ್ದೆಯಿಂದ ಎಲ್ಲ ಅನ್ಯಾಯ ಹೋಯಿತು ಅಂತಲ್ಲ, ಅನ್ಯಾಯವನ್ನು ಹಿಡಿದು ಕೇಳುವ ದಾರಿಯಾಯಿತು. ಇವತ್ತು ಪಾರ್ಸೆಲ್ ಕಿಟಕಿಯಲ್ಲಿ ಆ ಹಳೆಯ ಟವಲು ಮತ್ತೆ ಬಿದ್ದಿದೆ. ಬೆರಳು ಹಿಡಿಯುವವರು ಬೇರೆ, ಅಷ್ಟೇ.

ಮೊದಲನೆಯದು, ತೂಕ. ನೀವು ಹಾಳೆ ತಟ್ಟೆ ತುಂಬಿದ ಒಂದು ಪೆಟ್ಟಿಗೆ ಒಯ್ದಿರಿ ಅನ್ನಿ. ಉದ್ದ 50, ಅಗಲ 40, ಎತ್ತರ 30 ಸೆಂಟಿಮೀಟರು. ತಕ್ಕಡಿಯಲ್ಲಿಟ್ಟರೆ 5 ಕೆ.ಜಿ. ಆದರೆ ಕೊರಿಯರಿನವರು ತಕ್ಕಡಿಯನ್ನು ನೋಡುವುದಿಲ್ಲ, ಟೇಪು ಹಿಡಿಯುತ್ತಾರೆ. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 12 ಬರುತ್ತದೆ. ನಿಮ್ಮ ಪೆಟ್ಟಿಗೆ ಈಗ 12 ಕೆ.ಜಿ.! ಅದೇ 5000ದ ಜಾಗದಲ್ಲಿ 4000 ಹಾಕಿಕೊಂಡರೆ 15 ಕೆ.ಜಿ. ಇದಕ್ಕೆ ಗಾತ್ರದ ತೂಕ ಅಂತ ಹೆಸರು. ಹಗುರವಾದ ದೊಡ್ಡ ಪೆಟ್ಟಿಗೆ ಗಾಡಿಯಲ್ಲಿ ಜಾಗ ಹಿಡಿಯುತ್ತದೆ ಅನ್ನುವುದು ನಿಜ, ಅದಕ್ಕೆ ಏನಾದರೂ ಲೆಕ್ಕ ಬೇಕು ಅನ್ನುವುದೂ ನ್ಯಾಯ. ಆದರೆ ಯಾವ ಸಂಖ್ಯೆಯಿಂದ ಭಾಗಿಸಬೇಕು ಅಂತ ಹೇಳಿದವರು ಯಾರು? ತಕ್ಕಡಿಗೆ ಸರ್ಕಾರ ಮುದ್ರೆ ಒತ್ತುತ್ತದೆ. ಈ ಟೇಪಿನ ಲೆಕ್ಕಕ್ಕೆ ಮುದ್ರೆ ಒತ್ತುವವರಿಲ್ಲ.

ಎರಡನೆಯದು, ದರ. ದಿನಕ್ಕೆ ಸಾವಿರಾರು ಪೆಟ್ಟಿಗೆ ಕಳಿಸುವ ಪಟ್ಟಣದ ದೊಡ್ಡ ವ್ಯಾಪಾರಿಗೆ ಒಂದು ದರ, ವಾರಕ್ಕೆ ನಾಲ್ಕು ಪೆಟ್ಟಿಗೆ ಕಳಿಸುವ ರೈತನಿಗೆ ಇನ್ನೊಂದು ದರ. ಸಗಟಿಗೆ ಸ್ವಲ್ಪ ಸೋಡಿ ಇರಲಿ, ಬೇಡ ಅನ್ನುವುದಿಲ್ಲ. ಎಷ್ಟು ಸೋಡಿ, ಯಾತಕ್ಕೆ ಅನ್ನುವುದನ್ನು ಯಾರಿಗೂ ಹೇಳಬೇಕಾಗಿಲ್ಲ ಅನ್ನುವುದಕ್ಕೆ ನಮ್ಮ ತಕರಾರು. ಅದರ ಮೇಲೆ ಹಳ್ಳಿಯ ವಿಳಾಸವಾದರೆ 'ಬಟವಾಡೆ ವಲಯದ ಹೊರಗೆ' ಅಂತ ಬರೆದು ಹೆಚ್ಚಿಗೆ ಹಣ. ಲಾರಿ ಪಾರ್ಸೆಲ್ ಆದರೆ ಬಾಡಿಗೆಯ ಕೆಳಗೆ ಹಮಾಲಿ, ರಸೀದಿ ಖರ್ಚು, ಮನೆಬಾಗಿಲ ಖರ್ಚು ಅಂತ ಬಾಲ ಬೆಳೆಯುತ್ತದೆ. ಮೂಗಿಗಿಂತ ಮೂಗುತಿ ಭಾರ. ಸಾವಿರ ರೂಪಾಯಿ ಮಾಲಿಗೆ ಮುನ್ನೂರು ರೂಪಾಯಿ ಬಾಡಿಗೆ ಬಿದ್ದರೆ ಆ ಮಾರಾಟದಲ್ಲಿ ನೂರಕ್ಕೆ ಮೂವತ್ತು ಹೋಯಿತು. ಮಂಡಿಯಲ್ಲಿ ದಲ್ಲಾಳಿ ನೂರಕ್ಕೆ ಎರಡು ಹೆಚ್ಚಿಗೆ ಹಿಡಿದರೆ ಗೇಟಿಗೆ ಬೀಗ ಹಾಕಿಸುವ ನಾವು, ಮೂವತ್ತಕ್ಕೆ ಸುಮ್ಮನಿರಬೇಕೆ?

ಮೂರನೆಯದು, ತೆರಿಗೆ. ರೈತನ ಮಾಲು ಲಾರಿ ಟ್ರಾನ್ಸ್‌ಪೋರ್ಟಿನ ಮೂಲಕ ಹೋದರೆ ಆ ಸಾಗಣೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಮೆಣಸು, ಅದೇ ರಾಗಿ ಕೊರಿಯರ್ ಚೀಲದಲ್ಲಿ ಹೋದರೆ ಬಾಡಿಗೆಯ ಮೇಲೆ ನೂರಕ್ಕೆ 18. ನೋಂದಣಿ ಇರುವ ವ್ಯಾಪಾರಿ ತಾನು ಕಟ್ಟಿದ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುತ್ತಾನೆ. ನೋಂದಣಿ ಇಲ್ಲದ ರೈತನಿಗೆ ವಜಾ ಇಲ್ಲ. ಲಾರಿ ತುಂಬ ಕಳಿಸುವವನಿಗೆ ರಿಯಾಯಿತಿ, ಚೀಲದಲ್ಲಿ ಕಳಿಸುವವನಿಗೆ ದಂಡ. ಇದು ಯಾವ ನ್ಯಾಯ?

ನಾಲ್ಕನೆಯದು, ನಷ್ಟ. 2007ರ ರಸ್ತೆ ಸಾಗಣೆ ಕಾಯ್ದೆ 1865ರ ಹಳೆಯ ಬ್ರಿಟಿಷ್ ಕಾಯ್ದೆಯ ಜಾಗಕ್ಕೆ ಬಂತು, 2011ರಲ್ಲಿ ಜಾರಿಯಾಯಿತು. ಸಾಗಣೆದಾರ ನೋಂದಣಿ ಮಾಡಿಸಬೇಕು, ರಸೀದಿ ಕೊಡಬೇಕು ಅಂತೆಲ್ಲ ಅದರಲ್ಲಿದೆ. ಆದರೆ ಬಾಡಿಗೆ ಎಷ್ಟಿರಬೇಕು ಅನ್ನುವ ಬಗ್ಗೆ ಕಟ್ಟುಪಾಡಿಲ್ಲ. ಮಾಲು ಕಳೆದುಹೋದರೆ ಪರಿಹಾರ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 6,000 ರೂಪಾಯಿಯ ಮೆಣಸಿಗೆ 150 ರೂಪಾಯಿ ಬಾಡಿಗೆ ಕೊಟ್ಟಿದ್ದರೆ ಕೈಗೆ ಬರುವುದು 1,500. ಪೂರ್ತಿ ಬೇಕಾದರೆ ಬುಕ್ ಮಾಡುವಾಗಲೇ ಹೆಚ್ಚಿನ ಅಪಾಯದ ದರ ಕಟ್ಟಿ ರಸೀದಿಯಲ್ಲಿ ಬರೆಸಬೇಕು. ಈ ಮಾತನ್ನು ಕಿಟಕಿಯಲ್ಲಿ ಯಾರು ಹೇಳುತ್ತಾರೆ? ಇನ್ನೊಂದು ವಿಷಯ ನೆನಪಿಡಿ: ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಕೊಡದಿದ್ದರೆ ದಾವೆ ನಿಲ್ಲುವುದಿಲ್ಲ. ಇವತ್ತು ನಾಳೆ ಅನ್ನಿಸಿಕೊಂಡು ಅಲೆದಾಡುವುದರಲ್ಲೇ ಆರು ತಿಂಗಳು ಕಳೆದುಹೋಗ್ತದೆ.

ಹಾಗಾದರೆ ಅಂಚೆ ಇಲ್ಲವೇ ಅಂತ ಕೇಳಬಹುದು. ಇದೆ, ಅದನ್ನು ಉಳಿಸಿಕೊಳ್ಳಬೇಕು ಅನ್ನುವುದೇ ನಮ್ಮ ವಾದ. ದೇಶದಲ್ಲಿ 1 ಲಕ್ಷ 64 ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಬಹುಪಾಲು ಹಳ್ಳಿಗಳಲ್ಲಿ. ಅಂಚೆಯ ದರ ಬಚ್ಚಿಟ್ಟ ದರವಲ್ಲ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರ ಏರಿತು. 50 ಗ್ರಾಂ ಕಾಗದಪತ್ರಕ್ಕೆ ಊರೊಳಗೆ 19 ರೂಪಾಯಿ, ಊರಾಚೆ ದೇಶದ ಯಾವ ಮೂಲೆಗಾದರೂ 47 ರೂಪಾಯಿ, ತೆರಿಗೆ ಬೇರೆ. ಏರಿದ್ದಕ್ಕೆ ನಾವು ಬೈಯಬಹುದು, ಯಾಕೆಂದರೆ ಏರಿದ್ದು ನಮಗೆ ಗೊತ್ತಾಗುತ್ತದೆ. ಗೊತ್ತಿಲ್ಲದ ದರವನ್ನು ಬೈಯುವುದು ಹೇಗೆ? 2023ರ ಹೊಸ ಅಂಚೆ ಕಾಯ್ದೆ ಅಂಚೆ ಸೇವೆಯ ದರ ಗೊತ್ತುಮಾಡುವ ಅಧಿಕಾರವನ್ನು ಇಲಾಖೆಯ ಮಹಾನಿರ್ದೇಶಕರಿಗೆ ಕೊಟ್ಟಿತು, ಖಾಸಗಿ ಕೊರಿಯರುಗಳ ದರಕ್ಕೆ ಮಾತ್ರ ಅಂಕುಶ ಇಡಲಿಲ್ಲ. ಮನೆ ಎತ್ತಿಗೆ ಮೂಗುದಾರ, ಬೀದಿ ಗೂಳಿಗೆ ಹುಲ್ಲುಗಾವಲು.

ಅಂಚೆ ನಿಂತರೆ ಏನಾಗ್ತದೆ ಅಂತ ವಿದೇಶದಲ್ಲಿ ಮಕ್ಕಳಿರುವ ಮನೆಗಳು 2025ರಲ್ಲಿ ಕಂಡವು. ಅಮೆರಿಕ ಸರ್ಕಾರ 800 ಡಾಲರಿನೊಳಗಿನ ಪಾರ್ಸೆಲುಗಳಿಗಿದ್ದ ಸುಂಕ ವಿನಾಯಿತಿಯನ್ನು ಆ ವರ್ಷದ ಆಗಸ್ಟ್ 29ರಿಂದ ತೆಗೆಯಿತು. ಸುಂಕ ವಸೂಲಿ ಹೇಗೆ ಅನ್ನುವುದು ಸ್ಪಷ್ಟವಾಗದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕದ ಬಹುಪಾಲು ಪಾರ್ಸೆಲುಗಳನ್ನು ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ರಂದು. ಆ ವಾರಗಳಲ್ಲಿ ಮಗಳಿಗೆ ಸಾರಿನ ಪುಡಿ ಕಳಿಸಬೇಕಾದ ತಾಯಿಗೂ, ಸಣ್ಣ ಗಿರಾಕಿಗೆ ಮಾಲು ಕಳಿಸಬೇಕಾದ ಬೆಳೆಗಾರನಿಗೂ ಉಳಿದದ್ದು ಖಾಸಗಿ ಕಿಟಕಿ ಒಂದೇ. ಒಂದೇ ಕಿಟಕಿ ಉಳಿದಾಗ ಅಲ್ಲಿ ಹೇಳಿದ್ದೇ ದರ.

ಇದಕ್ಕೆ ಮದ್ದಿಲ್ಲ ಅನ್ನುವವರು ಬೇರೆ ದೇಶಗಳ ಕಡೆ ಸ್ವಲ್ಪ ನೋಡಲಿ. ಯುರೋಪಿನಲ್ಲಿ ಪಕ್ಕದ ದೇಶಕ್ಕೆ ಒಂದು ಸಣ್ಣ ಪಾರ್ಸೆಲ್ ಕಳಿಸಲು ಒಳದೇಶದ ದರದ ಐದು ಪಟ್ಟಿನವರೆಗೂ ಕೇಳುತ್ತಿದ್ದರು, ಖರ್ಚಿಗೂ ದರಕ್ಕೂ ತಾಳೆ ಇರಲಿಲ್ಲ. 2018ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ಮಾಡಿತು. ಪಾರ್ಸೆಲ್ ಕಂಪನಿಗಳು ಪ್ರತಿ ವರ್ಷ ಜನವರಿಯಲ್ಲಿ ತಮ್ಮ ಬಿಡಿ ಪಾರ್ಸೆಲಿನ ದರಪಟ್ಟಿಯನ್ನು ಸರ್ಕಾರಿ ನಿಯಂತ್ರಕರಿಗೆ ಒಪ್ಪಿಸಬೇಕು, ಅದು ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು. ಎಲ್ಲರಿಗೂ ಸೇವೆ ಕೊಡುವ ಹೊಣೆ ಹೊತ್ತ ಅಂಚೆ ಸಂಸ್ಥೆಗಳ ದರ ವಿಪರೀತ ಅನ್ನಿಸಿದರೆ ನಿಯಂತ್ರಕರು ಅದನ್ನು ಪರೀಕ್ಷೆ ಮಾಡಬೇಕು. ದರ ಇಷ್ಟೇ ಅಂತ ಅವರು ಕಟ್ಟಿಹಾಕಲಿಲ್ಲ. ಟವಲು ಎತ್ತಿದರು, ಅಷ್ಟೇ.

ಅದಕ್ಕಿಂತ ಹಿಂದಿನ ಕಥೆ ನಮ್ಮಂಥ ರೈತರದ್ದೇ. ನೂರು ವರ್ಷದ ಕೆಳಗೆ ಅಮೆರಿಕದ ಅಂಚೆ ನಾಲ್ಕು ಪೌಂಡಿಗಿಂತ ಭಾರದ ಗಂಟು ತೆಗೆದುಕೊಳ್ಳುತ್ತಿರಲಿಲ್ಲ. ಮಿಕ್ಕದ್ದೆಲ್ಲ ನಾಲ್ಕಾರು ಎಕ್ಸ್‌ಪ್ರೆಸ್ ಕಂಪನಿಗಳ ಕೈಯಲ್ಲಿ. ಗ್ರೇಂಜ್ ಎಂಬ ಅಲ್ಲಿನ ರೈತ ಸಂಘಟನೆ ವರ್ಷಗಟ್ಟಲೆ ಹೋರಾಡಿತು, ಕಂಪನಿಗಳು ವಿರೋಧಿಸಿದವು. ಕೊನೆಗೆ 1912ರಲ್ಲಿ ಕಾನೂನಾಗಿ 1913ರ ಜನವರಿ 1ರಿಂದ ಸರ್ಕಾರಿ ಪಾರ್ಸೆಲ್ ಅಂಚೆ ಶುರುವಾಯಿತು. ಮೊದಲ ಆರು ತಿಂಗಳಲ್ಲೇ ಸುಮಾರು 30 ಕೋಟಿ ಪಾರ್ಸೆಲು ಹೋದವು. ಮೊಟ್ಟೆ, ಬೆಣ್ಣೆ ಹಳ್ಳಿಯಿಂದ ನೇರವಾಗಿ ಪಟ್ಟಣದ ಅಡಿಗೆಮನೆಗೆ ಹೋಯಿತು. ಕೇಳಿದ್ದಕ್ಕೆ ಸಿಕ್ಕಿತು, ಸುಮ್ಮನಿದ್ದದ್ದಕ್ಕಲ್ಲ.

ನಮ್ಮಲ್ಲೂ ಮನಸ್ಸು ಮಾಡಿದಾಗ ಆಗಿದೆ. 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಲಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೋಯಿತು. ಆಮೇಲೆ ಹಣ್ಣು ತರಕಾರಿಗೆ ಬಾಡಿಗೆಯಲ್ಲಿ ಅರ್ಧ ರಿಯಾಯಿತಿಯೂ ಬಂತು. 2021ರ ಫೆಬ್ರವರಿಯಲ್ಲಿ ಕೆಎಸ್ಆರ್‌ಟಿಸಿ 'ನಮ್ಮ ಕಾರ್ಗೋ' ಅಂತ ಬಸ್ಸಿನಲ್ಲಿ ಪಾರ್ಸೆಲ್ ಸೇವೆ ಆರಂಭಿಸಿತು. ನಮ್ಮ ಕೆಂಪು ಬಸ್ಸು ಗಡಿಯಾಚೆಗೂ ಹೋಗ್ತದೆ. ಬೀರೂರಿನಲ್ಲಿ ಜಂಕ್ಷನ್ ಇದೆ, ತರೀಕೆರೆ ಅಜ್ಜಂಪುರದಲ್ಲಿ ರೈಲು ನಿಲ್ದಾಣ ಇವೆ. ದಾರಿಗೆ ಬರವಿಲ್ಲ. ದರಕ್ಕೆ ಕಟ್ಟು ಇಲ್ಲ.

ಡೀಸೆಲ್ ದುಬಾರಿ, ಹಳ್ಳಿಗೆ ಒಂದು ಪೆಟ್ಟಿಗೆಗೋಸ್ಕರ ಗಾಡಿ ಓಡಿಸಿದರೆ ನಷ್ಟ ಅಂತ ಸಾಗಣೆದಾರರು ಹೇಳುತ್ತಾರೆ. ಇರಬಹುದು. ಹಾಗಾದರೆ ಆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲಿ. ಪೆಟ್ಟಿಗೆ ಹೊತ್ತು ತರುವ ಹುಡುಗರೂ ನಮ್ಮ ಊರಿನ ಮಕ್ಕಳೇ, ಅವರ ಕೂಲಿ ಮುರಿದು ನಮಗೆ ಅಗ್ಗ ಮಾಡಿ ಅಂತ ನಾವು ಕೇಳುತ್ತಿಲ್ಲ. ಅಂಥ ಕೆಲಸಗಾರರ ಭದ್ರತೆಗೆ 2025ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿತು. ಹುಡುಗರಿಗೆ ಕಾನೂನು ಸಾಧ್ಯವಾದರೆ ಕಿಟಕಿಯ ದರಕ್ಕೂ ಸಾಧ್ಯ. ಕರೆಂಟಿನ ದರ ಏರಿಸಬೇಕಾದರೆ 1999ರಿಂದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದೆ, ಅಲ್ಲಿ ರೈತನೂ ಹೋಗಿ ಆಕ್ಷೇಪಣೆ ಹೇಳಬಹುದು. ಪಾರ್ಸೆಲಿಗೆ ಅಂಥ ಕಟ್ಟೆ ಎಲ್ಲಿದೆ?

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು:

1. ಪ್ರತಿ ಪಾರ್ಸೆಲ್ ಕಿಟಕಿಯಲ್ಲೂ ಕನ್ನಡದಲ್ಲಿ ದರಪಟ್ಟಿ ತೂಗುಹಾಕಬೇಕು. ಯಾವ ರಾಜ್ಯಕ್ಕೆ, ಎಷ್ಟು ತೂಕಕ್ಕೆ, ಎಷ್ಟು ಅಂತ ಅದರಲ್ಲಿರಬೇಕು. ಪಟ್ಟಿ ವರ್ಷಕ್ಕೊಮ್ಮೆ ಸರ್ಕಾರಕ್ಕೆ ಸಲ್ಲಿಕೆಯಾಗಿ ಪ್ರಕಟವಾಗಬೇಕು.

2. ಗಾತ್ರದ ತೂಕಕ್ಕೆ ದೇಶಕ್ಕೆಲ್ಲ ಒಂದೇ ಲೆಕ್ಕ ಗೊತ್ತುಮಾಡಬೇಕು. ಹಣ ತೆಗೆದುಕೊಂಡ ಮೇಲೆ ತೂಕ ಬದಲಾಯಿಸಕೂಡದು.

3. ಹಳ್ಳಿಯ ವಿಳಾಸ ಅನ್ನುವ ಒಂದೇ ಕಾರಣಕ್ಕೆ ಹೆಚ್ಚು ಹಣ ಹಾಕುವುದನ್ನು ನಿಲ್ಲಿಸಬೇಕು. ಹಾಕಲೇಬೇಕಾದರೆ ಖರ್ಚಿನ ಲೆಕ್ಕ ತೋರಿಸಬೇಕು.

4. ರೈತ ಮತ್ತು ರೈತ ಸಂಸ್ಥೆ ಕಳಿಸುವ ಕೃಷಿ ಉತ್ಪನ್ನದ ಕೊರಿಯರ್ ಬಾಡಿಗೆಗೆ ಲಾರಿ ಸಾಗಣೆಯಂತೆಯೇ ಜಿಎಸ್‌ಟಿ ವಿನಾಯಿತಿ ಕೊಡಬೇಕು.

5. ಮಾಲು ಕಳೆದರೆ ರಸೀದಿಯಲ್ಲಿ ಬರೆಸಿದ ಬೆಲೆಯಷ್ಟು ಪರಿಹಾರ ಸಿಗಬೇಕು.

6. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲೇ ಪಾರ್ಸೆಲ್ ತೆಗೆದುಕೊಳ್ಳಬೇಕು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಬಸ್ ನಿಲ್ದಾಣಗಳಲ್ಲಿ ಹೊರರಾಜ್ಯದ ಕಾರ್ಗೋ ದಿನನಿತ್ಯ ಸಿಗಬೇಕು.

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರುವುದು ಬೇಡ. ಇವತ್ತಿನಿಂದಲೇ ಮಾಡಬಹುದಾದದ್ದು ಇದೆ. ರಸೀದಿ ಇಲ್ಲದೆ ಮಾಲು ಕೊಡಬೇಡಿ. ಪೆಟ್ಟಿಗೆಯನ್ನು ಮನೆಯಲ್ಲೇ ತೂಗಿ, ಅಳೆದು, ಫೋಟೋ ತೆಗೆದಿಟ್ಟುಕೊಳ್ಳಿ. ಮಾಲಿನ ಬೆಲೆಯನ್ನು ರಸೀದಿಯಲ್ಲಿ ಬರೆಸಿ. ಕಳೆದರೆ ಬಾಯಿಮಾತು ಬಿಟ್ಟು ರಿಜಿಸ್ಟರ್ ಆದ ಕಾಗದ ಹಾಕಿ (2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ, ಹಾಗೇ ಕೇಳಿ). ಒಂದೊಂದು ಊರಿನವರೂ ನಾಲ್ಕು ಪೆಟ್ಟಿಗೆಯ ಬದಲು ನಲವತ್ತು ಪೆಟ್ಟಿಗೆ ಒಟ್ಟಿಗೆ ಒಯ್ದು ಸಗಟು ದರ ಕೇಳಿ. ಮುಖ್ಯವಾಗಿ, ಕಳೆದ ಒಂದು ವರ್ಷದ ರಸೀದಿಗಳನ್ನು ಸಂಘದ ಗ್ರಾಮ ಘಟಕಕ್ಕೆ ತಂದುಕೊಡಿ. ಒಂದೇ ಊರಿಗೆ, ಒಂದೇ ತೂಕಕ್ಕೆ, ಯಾರು ಯಾರಿಂದ ಎಷ್ಟೆಷ್ಟು ತೆಗೆದುಕೊಂಡಿದ್ದಾರೆ ಅಂತ ಪಟ್ಟಿ ಮಾಡಿ ತಾಲ್ಲೂಕು ಕಚೇರಿಯ ಮುಂದೆ ಹಚ್ಚೋಣ. ಅವರು ಬರೆಯದ ದರಪಟ್ಟಿಯನ್ನು ನಾವೇ ಬರೆಯೋಣ.

ಸಾಲ ತೀರಬೇಕಾದರೆ ಬೆಲೆ ಸಿಗಬೇಕು. ಬೆಲೆ ಕೈಗೆ ಬರಬೇಕಾದರೆ ಬಾಡಿಗೆ ಬಯಲಿಗೆ ಬರಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ಗಿರಾಕಿ ಕೊಡಲು ಸಿದ್ಧನಿದ್ದಾನೆ, ನಡುವಿನ ಕಿಟಕಿ ತಿನ್ನುತ್ತಿದೆ. ಆ ಕಿಟಕಿಯ ಮುಂದೆ ಒಬ್ಬೊಬ್ಬರೇ ಕೈಚಾಚಿ ನಿಲ್ಲುವುದನ್ನು ಬಿಟ್ಟು, ಸಂಘವಾಗಿ ನಿಂತು ಲೆಕ್ಕ ಕೇಳೋಣ.