ಸುತ್ತಾಡಿ ಬಂದರೆ ಸರಿಹೋಗುತ್ತದೆಯೇ?

ಭಾನುವಾರ ಬೆಳಿಗ್ಗೆ ಕಲ್ಲುಗುಂಡಿ ಪೇಟೆಯ ರಸ್ತೆಬದಿಯಲ್ಲಿ ನಿಂತರೆ ಮಡಿಕೇರಿಯತ್ತ ಹೋಗುವ ಕಾರುಗಳು ಕಾಣುತ್ತವೆ. ಸುಳ್ಯ ದಾಟಿ ಬಂದವರಿಗೆ ಇದು ಸಂಪಾಜೆ ಘಾಟಿ ಹತ್ತುವ ಮೊದಲು ಚಹಾ ಕುಡಿಯುವ ಊರು. ಯಾಕೆ ಹೊರಟಿರಿ ಎಂದರೆ, ‘ತಲೆ ಕೆಟ್ಟುಹೋಗಿದೆ, ಸ್ವಲ್ಪ ಹಸಿರು ನೋಡಿ ಬರೋಣ ಅಂತ’ ಎನ್ನುತ್ತಾರೆ.

ಪ್ರವಾಸ ಬೇಡ ಎನ್ನುತ್ತಿಲ್ಲ. ಆದರೆ ಬೇಸರ, ಆತಂಕ, ಖಿನ್ನತೆ ಎಲ್ಲಕ್ಕೂ ‘ಎಲ್ಲಾದರೂ ಸುತ್ತಾಡಿಕೊಂಡು ಬಾ’ ಎಂಬ ಒಂದೇ ಮದ್ದು ಹೇಳುವ ನಮ್ಮ ಚಾಳಿಗೆ ನನ್ನ ತಕರಾರಿದೆ. ಹಸಿರಿದ್ದಲ್ಲಿ ನೆಮ್ಮದಿ ಇರುತ್ತದೆ, ನೆಮ್ಮದಿ ಬೇಕಾದರೆ ಇರುವ ಜಾಗ ಬಿಟ್ಟು ಹೋಗಬೇಕು ಎಂಬ ಎರಡು ನಂಬಿಕೆಗಳು ಅದರ ಹಿಂದಿವೆ. ಎರಡೂ ಅರೆಸತ್ಯ.

ಹಸಿರೇ ನೆಮ್ಮದಿಯಾಗಿದ್ದರೆ ಕಲ್ಲುಗುಂಡಿಯವರಿಗೆ ಚಿಂತೆಯೇ ಇರಬಾರದಿತ್ತು. 2018ರ ಆಗಸ್ಟ್‌ನಲ್ಲಿ ಮೇಲಿನ ಜೋಡುಪಾಲದಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. 2022ರ ಜೂನ್ ಕೊನೆಯಲ್ಲಿ ಈ ಭಾಗದ ನೆಲ ಮತ್ತೆ ಮತ್ತೆ ನಡುಗಿತು. ಆಗಸ್ಟ್ ಆರಂಭದಲ್ಲಿ ಪಯಸ್ವಿನಿ ಪೇಟೆಯೊಳಗೇ ನುಗ್ಗಿತು. ತೋಟಗಳಲ್ಲಿ ಅಡಿಕೆಯ ಹಳದಿ ಎಲೆ ರೋಗ ಬೇರೆ. ಘಾಟಿಯ ಮಳೆ ಪ್ರವಾಸಿಗೆ ಮೊಬೈಲಿನಲ್ಲಿ ಹಿಡಿದುಕೊಳ್ಳುವ ನೋಟ. ಹೊಳೆಬದಿಯ ಮನೆಯವರಿಗೆ ಅದೇ ಮಳೆ ನಿದ್ದೆಗೆಟ್ಟ ರಾತ್ರಿ.

ಈ ಸೀಮೆಯ ಕಾದಂಬರಿಯೇ ಇದನ್ನು ಬಲ್ಲದು. ಶಿವರಾಮ ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯನವರು ಕುಮಾರಪರ್ವತದ ಆಸುಪಾಸಿನ ಕಾಡಿನಲ್ಲಿ ತೋಟ ಮಾಡಿದವರು. ಅಷ್ಟು ಚೆಲುವಿನ ನಡುವೆಯೂ ಮನೆ ಬಿಟ್ಟುಹೋದ ಮಗನ ಕೊರಗು ಆ ವೃದ್ಧ ದಂಪತಿಯನ್ನು ಬಿಡುವುದಿಲ್ಲ. ದಾರಿ ತಪ್ಪಿ ಬಂದ ನಿರೂಪಕನ ಮನಸ್ಸು ಅರಳುವುದಕ್ಕೂ ಬೆಟ್ಟವೊಂದೇ ಕಾರಣವಲ್ಲ. ಆ ಮನೆಯ ಊಟ, ಮಾತು, ಅಕ್ಕರೆ ಅದಕ್ಕೆ ಬೇಕಾಯಿತು.

ಇನ್ನು ಎರಡನೆಯ ನಂಬಿಕೆ. 1984ರಲ್ಲಿ ರೋಜರ್ ಉಲ್ರಿಚ್ ಅಮೆರಿಕದ ಆಸ್ಪತ್ರೆಯೊಂದರ ಅಧ್ಯಯನವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಬಲವಾದ ನೋವಿನ ಮದ್ದೂ ಅವರಿಗೆ ಕಡಿಮೆ ಸಾಕಾಯಿತು. ಪ್ರಕೃತಿಯ ಗುಣ ಹಾಡುವವರಿಗೆ ಇದು ಪ್ರಿಯವಾದ ಉದಾಹರಣೆ. ಆದರೆ ಆ ರೋಗಿಗಳು ಎಲ್ಲಿಗೂ ಪ್ರವಾಸ ಹೋಗಿರಲಿಲ್ಲ. ಮಲಗಿದಲ್ಲಿಗೇ ಮರ ಕಾಣುತ್ತಿತ್ತು, ಅಷ್ಟೆ.

ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಗುವ ಪಿಜಿ ಕೋಣೆಯಲ್ಲಿ ವರ್ಷವಿಡೀ ಮಲಗುವ ವಿದ್ಯಾರ್ಥಿಗೆ ಎರಡು ದಿನದ ಮಡಿಕೇರಿ ಏನು ಮಾಡೀತು? ಸೋಮವಾರ ಮತ್ತೆ ಅದೇ ಗೋಡೆ. ದುಡ್ಡಿಲ್ಲದವನಿಗೆ ಆ ಎರಡು ದಿನವೂ ಇಲ್ಲ. ‘ಸುತ್ತಾಡಿ ಬಾ’ ಎನ್ನುವಾಗ ನಾವು ಊರಿನ ಕೊರತೆಯ ಖರ್ಚನ್ನು ಅವನ ಜೇಬಿನಿಂದ ಕೇಳುತ್ತಿದ್ದೇವೆ. ನಿಜವಾಗಿ ಖಿನ್ನತೆಯಿಂದ ನರಳುವವನನ್ನು ವೈದ್ಯರ ಬಳಿಗೆ ಕಳಿಸಬೇಕಾದಾಗ ಬೆಟ್ಟಕ್ಕೆ ಕಳಿಸುತ್ತಿದ್ದೇವೆ.

ಪರಿಸರ ಮನಸ್ಸನ್ನು ರೂಪಿಸುತ್ತದೆ ಎಂದು ನಂಬುವವರು ದಿನನಿತ್ಯದ ಪರಿಸರದ ಬಗ್ಗೆ ಜಗಳ ಆಡಬೇಕು. ಹಾಸ್ಟೆಲಿಗೆ ಗಾಳಿ ಬೆಳಕು, ಪೇಟೆಯ ರಸ್ತೆಗೆ ನೆರಳು, ಸಂಜೆಯೂ ತೆರೆದಿರುವ ಗ್ರಂಥಾಲಯ, ಹೊಳೆ ಏರುವ ಮೊದಲೇ ಸಿಗುವ ಎಚ್ಚರಿಕೆ: ಇವೆಲ್ಲ ಮಾನಸಿಕ ಆರೋಗ್ಯದ ಬೇಡಿಕೆಗಳೇ.

ಘಾಟಿ ಹತ್ತುವವರು ಖಂಡಿತ ಹತ್ತಲಿ. ಆದರೆ ಕಲ್ಲುಗುಂಡಿಯಲ್ಲಿ ಚಹಾಕ್ಕೆ ನಿಂತಾಗ ‘ಇಂಥ ಊರಲ್ಲಿರುವ ನೀವೇ ಪುಣ್ಯವಂತರು’ ಅನ್ನುವ ಮೊದಲು, ಕಳೆದ ಮಳೆಗಾಲ ಹೇಗಿತ್ತೆಂದು ಒಂದು ಮಾತು ಕೇಳಲಿ.