ನೇತ್ರಾಣಿಯ ಲೆಕ್ಕ ಬರೆಯುವವರು ಯಾರು?

ವಾಣಿವಿಲಾಸ ಸಾಗರದಲ್ಲಿ ಇಂದು ನೀರು ಎಷ್ಟು ಅಡಿ? ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಕುಶಲಪ್ರಶ್ನೆಯಷ್ಟೇ ಸಹಜವಾದ ಪ್ರಶ್ನೆ. ನಮ್ಮ ಹೊರಕೆರೆದೇವಪುರದ ಚಹಾದಂಗಡಿಯಲ್ಲಿ ಕುಳಿತವರೂ, ಹೊಸದುರ್ಗದ ಸಂತೆಗೆ ಹೊರಟವರೂ, ಹಿರಿಯೂರಿನ ತೋಟದವರೂ ಮಳೆಗಾಲ ಬಂತೆಂದರೆ ಈ ಅಂಕಿಯನ್ನು ಕೇಳಿ ತಿಳಿಯುತ್ತಾರೆ. ೧೯೦೭ರಲ್ಲಿ ಮಾರಿಕಣಿವೆಯ ಅಣೆಕಟ್ಟು ಮುಗಿಯಿತು. ೧೯೩೩ರಲ್ಲಿ ಅದು ತುಂಬಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು ೨೦೨೨ರ ಸೆಪ್ಟೆಂಬರಿನಲ್ಲಿ, ೮೯ ವರ್ಷಗಳ ತರುವಾಯ. ಜನ ಸಾಲುಗಟ್ಟಿ ಹೋಗಿ ನೋಡಿದರು, ಬಾಗಿನ ಅರ್ಪಿಸಿದರು. ಆದರೆ ಒಂದು ಮಾತನ್ನು ಗಮನಿಸಬೇಕು. ‘ಎಂಬತ್ತೊಂಬತ್ತು ವರ್ಷಗಳ ಬಳಿಕ’ ಎಂದು ಅಷ್ಟು ಖಚಿತವಾಗಿ ನಾವು ಹೇಳಲು ಸಾಧ್ಯವಾದದ್ದು, ನೀರು ಏರಿದ ವರ್ಷವೂ ಇಳಿದ ವರ್ಷವೂ ಯಾರೋ ಒಬ್ಬ ನೌಕರ ಅಳತೆಪಟ್ಟಿಯ ಮುಂದೆ ನಿಂತು ಪುಸ್ತಕದಲ್ಲಿ ಬರೆದಿಟ್ಟ ಕಾರಣದಿಂದ. ಆ ಪುಸ್ತಕವಿಲ್ಲದಿದ್ದರೆ ನಮ್ಮ ಕೈಯಲ್ಲಿ ಉಳಿಯುತ್ತಿದ್ದುದು ಅಜ್ಜಂದಿರ ನೆನಪು ಮಾತ್ರ.

ಇದೇ ಪ್ರಶ್ನೆಯನ್ನು ಇನ್ನೊಂದು ನೀರಿನ ಕುರಿತು ಕೇಳಬೇಕೆಂಬುದು ಈ ಬರಹದ ಉದ್ದೇಶ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತ ನೀರಿನೊಳಗೆ ಹವಳಗಳಿವೆ. ಹವಳವನ್ನು ನಂಬಿ ಬಾಳುವ ಮೀನುಗಳಿವೆ. ಈ ವರ್ಷ ಅಲ್ಲಿ ಜೀವಂತ ಹವಳ ಎಷ್ಟು? ಕಳೆದ ವರ್ಷ ಎಷ್ಟಿತ್ತು? ಮುರು ಮೀನಿನ ಸಂಖ್ಯೆ ಏರಿದೆಯೆ, ಇಳಿದಿದೆಯೆ? ಜಲಾಶಯದ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ಓದುವ ನಾಡಿಗೆ ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸವೇ ಇಲ್ಲ.

ಬಯಲುಸೀಮೆಯ ಅಂಚಿನಲ್ಲಿ ಕುಳಿತವನಿಗೆ ಕಡಲ ಹವಳದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಸೀಮೆಯ ಬಹುಪಾಲು ನೀರು ವೇದಾವತಿಯನ್ನು ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ ಹೋಗಿ, ಮೂಡಣ ಕಡಲನ್ನು ಕಾಣುತ್ತದೆ. ಪಡುವಣ ಕಡಲಿಗೆ ನಾವು ಕೊಡುವುದು ಏನೂ ಇಲ್ಲ. ಆದರೆ ಅಲ್ಲಿಂದ ಪಡೆಯುವುದು ಉಂಟು. ಮುಂಗಾರಿನ ಮೋಡ ಏಳುವುದು ಆ ಕಡಲಿನ ಮೇಲೆಯೇ. ಮಲೆನಾಡಿನಲ್ಲಿ ಸುರಿದು ಮಿಕ್ಕ ಮಳೆಯನ್ನು ನಂಬಿ ನಾವು ರಾಗಿ ಬಿತ್ತುತ್ತೇವೆ. ಆ ಕಡಲು ಬಿಸಿಯೇರಿದರೆ ಅದರ ಮೊದಲ ಸುದ್ದಿಯನ್ನು ತಿಳಿಸುವ ಜೀವಿ ಹವಳ. ಬಾವಿಯಲ್ಲಿ ನೀರು ಇಳಿದದ್ದನ್ನು ಹಗ್ಗ ತಿಳಿಸುವಂತೆ, ಕಡಲು ಕಾದದ್ದನ್ನು ಹವಳ ತನ್ನ ಬಣ್ಣ ಬಿಟ್ಟುಕೊಟ್ಟು ತಿಳಿಸುತ್ತದೆ.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡು ಒತ್ತೊತ್ತಾಗಿ ಬದುಕುವ ಪುಟ್ಟ ಪ್ರಾಣಿಗಳ ಸಮೂಹ ಅದು. ಆ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯಿದೆ. ಪಾಚಿಯು ಬಿಸಿಲಿನಿಂದ ಅನ್ನ ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳವು ಪಾಚಿಗೆ ಇರಲು ಮನೆ ಕೊಡುತ್ತದೆ. ಬೇಸಗೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಈ ನಂಟು ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಕೂಡಲೇ ಅದು ಸಾಯುವುದಿಲ್ಲ. ನೀರು ಬೇಗನೆ ತಣಿದರೆ ಚೇತರಿಸಿಕೊಳ್ಳುತ್ತದೆ. ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಸತ್ತ ಹವಳದ ಮೇಲೆ ಬೇರೆ ಬಗೆಯ ಪಾಚಿ ಹಬ್ಬುತ್ತದೆ. ಆ ಪಾಚಿಯನ್ನು ಕೆರೆದು ತಿಂದು, ಹೊಸ ಹವಳಕ್ಕೆ ನೆಲ ಹಸನು ಮಾಡಿಕೊಡುವವು ಗಿಳಿಮೀನಿನಂತಹ ಮೇಯುವ ಮೀನುಗಳು. ಆದುದರಿಂದಲೇ ಹವಳವನ್ನು ಎಣಿಸುವವರು ಮೀನನ್ನೂ ಎಣಿಸುತ್ತಾರೆ. ಒಂದನ್ನು ಬಿಟ್ಟು ಇನ್ನೊಂದರ ಆರೋಗ್ಯ ತಿಳಿಯದು.

ಎಣಿಕೆಯ ವಿಧಾನ ಸರಳವಾದದ್ದು. ನೀರಿನ ತಳದಲ್ಲಿ ಐವತ್ತು ಮೀಟರಿನಂತಹ ಗೊತ್ತಾದ ಉದ್ದಕ್ಕೆ ಅಳತೆಯ ಟೇಪನ್ನು ಹಾಸುತ್ತಾರೆ. ಟೇಪಿನ ಕೆಳಗೆ ಎಲ್ಲೆಲ್ಲಿ ಜೀವಂತ ಹವಳ, ಎಲ್ಲಿ ಸತ್ತ ಹವಳ, ಎಲ್ಲಿ ಪಾಚಿ, ಎಲ್ಲಿ ಮರಳು ಎಂದು ಗುರುತು ಹಾಕುತ್ತಾರೆ. ಅದೇ ಟೇಪಿನ ಎಡಬಲಗಳಲ್ಲಿ ಗೊತ್ತಾದ ಅಗಲದೊಳಗೆ ಕಂಡ ಮೀನುಗಳನ್ನು ಜಾತಿವಾರು ಎಣಿಸಿ, ಗಾತ್ರವನ್ನು ಅಂದಾಜು ಮಾಡುತ್ತಾರೆ. ತಳದ ಛಾಯಾಚಿತ್ರಗಳನ್ನು ತೆಗೆದುಕೊಳ್ಳುತ್ತಾರೆ. ನಮ್ಮ ಕಾಡುಗಳಲ್ಲಿ ದಾರದ ಗೆರೆ ಎಳೆದು ಮರ ಎಣಿಸಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಕಷ್ಟವಿರುವುದು ವಿಧಾನದಲ್ಲಿ ಅಲ್ಲ. ಅದೇ ಜಾಗಕ್ಕೆ, ಅದೇ ಕಾಲದಲ್ಲಿ, ವರ್ಷ ವರ್ಷವೂ ತಪ್ಪದೆ ಹೋಗುವುದರಲ್ಲಿ.

ಹಾಗೆ ತಪ್ಪದೆ ಹೋದರೆ ಏನು ದೊರೆಯುತ್ತದೆ ಎಂಬುದಕ್ಕೆ ಲಕ್ಷದ್ವೀಪವೇ ಸಾಕ್ಷಿ. ಈ ದ್ವೀಪಗಳು ಕನ್ನಡಿಗರಿಗೆ ಪೂರ್ತಿ ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ದ್ವೀಪಗಳು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಮಂಗಳೂರಿನಿಂದಲೇ ಅವುಗಳ ಆಡಳಿತ ನಡೆಯುತ್ತಿತ್ತು. ಇಂದು ಆ ಸಮುದ್ರವನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವ ಸಂಸ್ಥೆಯೊಂದು ನಮ್ಮ ಮೈಸೂರಿನಲ್ಲಿದೆ: ನೇಚರ್ ಕನ್ಸರ್ವೇಶನ್ ಫೌಂಡೇಶನ್. ೧೯೯೮ರಲ್ಲಿ ಜಗತ್ತಿನ ಕಡಲುಗಳೆಲ್ಲ ಕಾದು ಹವಳಗಳು ಬಿಳಿಚಿದಾಗ ಆರಂಭವಾದ ಎಣಿಕೆಯನ್ನು ಅದರ ಸಂಶೋಧಕರು ೨೦೧೦ ಮತ್ತು ೨೦೧೬ರ ಬಿಸಿಯ ಹೊಡೆತಗಳನ್ನು ದಾಟಿ ಮುಂದುವರಿಸಿದರು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ೧೯೯೮ರಲ್ಲಿ ಶೇಕಡಾ ೩೭ರಷ್ಟಿದ್ದ ಜೀವಂತ ಹವಳದ ಹೊದಿಕೆ ೨೦೨೨ರ ವೇಳೆಗೆ ಶೇಕಡಾ ೧೯ರ ಆಸುಪಾಸಿಗೆ ಇಳಿದಿತ್ತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅರ್ಧ ಹೋಯಿತು. ಇದರೊಡನೆ ಇನ್ನೊಂದು ಸಂಗತಿಯೂ ಹೊರಬಿದ್ದಿತು: ಒಂದು ಹೊಡೆತದ ಬಳಿಕ ಸುಮಾರು ಆರು ವರ್ಷ ಬಿಡುವು ದೊರೆತ ಮೇಲಷ್ಟೇ ಚೇತರಿಕೆ ಚುರುಕಾಗುತ್ತದೆ. ಒಂದೆರಡು ಬಾರಿ ಹೋಗಿ ನೋಡಿ ಬಂದವರಿಗೆ ಈ ಸತ್ಯ ಕಾಣುತ್ತಿರಲಿಲ್ಲ. ಬಿತ್ರಾ ದ್ವೀಪದ ಬಳಿ ಮುರು ಜಾತಿಯ ಮೀನುಗಳು ವರ್ಷದ ಕೆಲವೇ ದಿನಗಳಲ್ಲಿ ಮೊಟ್ಟೆಯಿಡಲು ಭಾರೀ ಸಂಖ್ಯೆಯಲ್ಲಿ ಒಂದೆಡೆ ನೆರೆಯುವ ಸಂಗತಿಯೂ ಅವರ ಅಧ್ಯಯನದಿಂದಲೇ ಲೋಕಕ್ಕೆ ತಿಳಿಯಿತು. ಆ ಕೆಲವು ದಿನ ಅಲ್ಲಿ ಬಲೆ ಬೀಸಿದರೆ ವರ್ಷದ ಸಂತಾನವೇ ಹೋಗುತ್ತದೆ. ಆ ಕೆಲವು ದಿನ ಕಾದರೆ ವರ್ಷವೆಲ್ಲ ಹಿಡಿಯಲು ಮೀನಿರುತ್ತದೆ.

ಈಗ ನೇತ್ರಾಣಿಗೆ ಬರೋಣ. ಅಲ್ಲಿ ಅಧ್ಯಯನವೇ ನಡೆದಿಲ್ಲವೆಂದರೆ ತಪ್ಪಾಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ನೀರಿಗಿಳಿದು, ಹವಳ ಮತ್ತು ಮೀನುಗಳ ಪ್ರಭೇದಗಳನ್ನು ಪಟ್ಟಿಮಾಡಿ, ೨೦೦೮ರಲ್ಲಿ ಪ್ರಕಟಿಸಿದರು. ಅದು ನಮಗೆ ದೊರೆತ ಅಮೂಲ್ಯವಾದ ಮೊದಲ ಪುಟ. ಆದರೆ ಒಂದು ಪುಟದಿಂದ ಲೆಕ್ಕದ ಪುಸ್ತಕವಾಗುವುದಿಲ್ಲ. ೧೯೩೩ರ ಒಂದೇ ಅಂಕಿಯನ್ನು ಇಟ್ಟುಕೊಂಡು ಮಾರಿಕಣಿವೆಯ ಕಥೆ ಹೇಳಲು ಸಾಧ್ಯವೆ?

ಈ ನಡುವೆ ನೇತ್ರಾಣಿಯ ಮೇಲಿನ ಭಾರ ಹೆಚ್ಚುತ್ತಲೇ ಬಂದಿದೆ. ನೌಕಾಪಡೆಯು ಈ ದ್ವೀಪವನ್ನು ಗುರಿಯಭ್ಯಾಸಕ್ಕೆ ಬಳಸಿದ್ದು, ಗುಂಡಿನ ಚೂರುಗಳು ಅಲ್ಲಿ ಬಿದ್ದಿದ್ದದ್ದು, ಅದಕ್ಕೆ ಪರಿಸರಾಸಕ್ತರಿಂದ ಆಕ್ಷೇಪ ಬಂದದ್ದು ಎಲ್ಲರೂ ಬಲ್ಲ ಸಂಗತಿ. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ನೆಲ ಅದು. ಮೀನುಗಾರರು ಹರಕೆ ಹೊತ್ತು ಹೋಗುವ ಜಟ್ಟಿಗನ ನೆಲೆಯೂ ಅದೇ. ಇತ್ತೀಚಿನ ವರ್ಷಗಳಲ್ಲಿ ಉಸಿರುಕೊಳವೆ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಪ್ರವಾಸಿಗರಿಗೆ ನೇತ್ರಾಣಿ ದೊಡ್ಡ ಆಕರ್ಷಣೆಯಾಗಿದೆ. ದೋಣಿಗಳು ಎಳೆದಾಡುವ ಲಂಗರು, ಅರಿಯದವನ ಕಾಲಿನ ಒದೆತ, ಸುತ್ತಲಿನ ಮೀನುಗಾರಿಕೆ, ಬಂಡೆಗೆ ಸಿಕ್ಕಿ ಉಳಿದ ಹರಿದ ಬಲೆ, ಇವೆಲ್ಲಕ್ಕೂ ಮಿಗಿಲಾಗಿ ಕಾದ ನೀರು: ಪೆಟ್ಟು ಹಲವು ಕಡೆಗಳಿಂದ. ೨೦೨೩ರ ಆರಂಭದಿಂದ ಜಗತ್ತನ್ನು ಆವರಿಸಿದ ನಾಲ್ಕನೆಯ ಮಹಾ ಬಿಳಿಚುವಿಕೆಯಲ್ಲಿ ಭೂಮಿಯ ಶೇಕಡಾ ೮೪ರಷ್ಟು ಹವಳ ಪ್ರದೇಶಗಳಿಗೆ ಬಿಸಿ ತಟ್ಟಿತೆಂದು ೨೦೨೫ರಲ್ಲಿ ತಜ್ಞರು ಲೆಕ್ಕ ಕೊಟ್ಟರು. ೨೦೨೪ರ ಬೇಸಗೆಯಲ್ಲಿ ಲಕ್ಷದ್ವೀಪದ ಹವಳಗಳೂ ಬಿಳಿಚಿದವು. ಅದೇ ಕಡಲಿನಲ್ಲಿರುವ ನೇತ್ರಾಣಿಗೆ ಎಷ್ಟು ಪೆಟ್ಟು ಬಿದ್ದಿತೆಂದು ಹೇಳಲು ಅಲ್ಲಿ ಪ್ರತಿವರ್ಷದ ಸಾರ್ವಜನಿಕ ದಾಖಲೆ ಇರಬೇಕಿತ್ತು.

ದಾಖಲೆಯಿಲ್ಲದಿದ್ದಾಗ ಆಗುವ ಹಾನಿ ನಿಧಾನವಾದದ್ದು. ಹತ್ತು ವರ್ಷದ ಹುಡುಗ ಊರ ಕೆರೆಯನ್ನು ಅರ್ಧ ತುಂಬಿದಾಗಲೇ ಮೊದಲು ಕಂಡರೆ, ಅವನ ಪಾಲಿಗೆ ಅರ್ಧ ಕೆರೆಯೇ ತುಂಬಿದ ಕೆರೆ. ಅವನ ಮಗ ಕಾಲುಭಾಗ ಕಂಡು ಅದನ್ನೇ ಸಹಜವೆನ್ನುತ್ತಾನೆ. ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ ೧೯೯೫ರಲ್ಲಿ ಕಡಲಿನ ಕುರಿತು ಎಚ್ಚರಿಸಿದ್ದು ಇದನ್ನೇ: ತಲೆಮಾರಿನಿಂದ ತಲೆಮಾರಿಗೆ ಮೂಲದ ಅಳತೆಗೋಲೇ ಕುಗ್ಗುತ್ತ ಹೋಗುತ್ತದೆ, ಕಳೆದುಕೊಂಡದ್ದು ಯಾರ ಅರಿವಿಗೂ ಬರುವುದಿಲ್ಲ. ಇಂದು ನೇತ್ರಾಣಿಯ ನೀರಿಗಿಳಿದು ನಾಲ್ಕು ಚಿಟ್ಟೆಮೀನು ಕಂಡು ಹರ್ಷಿಸುವ ಪ್ರವಾಸಿಗೆ, ಅಲ್ಲಿ ಹಿಂದೆ ಎಷ್ಟಿದ್ದವು ಎಂದು ಹೇಳುವವರು ಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಕಡಲು ಕಾಯುತ್ತಿರುವುದು ಇಡೀ ಜಗತ್ತಿನ ಹೊಗೆಯಿಂದ, ನಾವು ಎಣಿಸಿದ ಮಾತ್ರಕ್ಕೆ ಹವಳ ಉಳಿಯುತ್ತದೆಯೆ? ಉಳಿಯುವುದಿಲ್ಲ, ನಿಜ. ಆದರೆ ಬಿಸಿಯ ಹೊಡೆತದ ನಂತರ ಚೇತರಿಸಿಕೊಳ್ಳಲು ಬೇಕಾದ ಮೀನು, ತಿಳಿನೀರು, ನೆಮ್ಮದಿ ಇವು ನಮ್ಮ ಕೈಯಲ್ಲಿವೆ. ಎಲ್ಲಿ ಚೇತರಿಕೆ ಆಗುತ್ತಿದೆ, ಎಲ್ಲಿ ಆಗುತ್ತಿಲ್ಲ ಎಂದು ತಿಳಿಯದೆ ಅವನ್ನು ಒದಗಿಸುವುದೆಂತು? ಅಳತೆಯ ಬಲವನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. ಬಳ್ಳಾರಿಯ ಹಿಂದೆಯೇ ಚಿತ್ರದುರ್ಗ, ತುಮಕೂರುಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತು. ಬಳಿಕ ಜಂಟಿ ತಂಡಗಳು ಗುತ್ತಿಗೆಗಳ ಗಡಿಯನ್ನು ನೆಲದ ಮೇಲೆ ಅಳೆದವು. ಒತ್ತುವರಿಯ ಪ್ರಮಾಣವನ್ನು ನೋಡಿ ಎ, ಬಿ, ಸಿ ಎಂದು ವಿಂಗಡಣೆಯಾಯಿತು. ೨೦೧೩ರಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಅದಕ್ಕೂ ಮುನ್ನ ವರ್ಷಗಟ್ಟಲೆ ನಾವು ಕೂಗಿದ್ದು ‘ಬೆಟ್ಟ ಹೋಗುತ್ತಿದೆ’ ಎಂದೇ. ಆ ಕೂಗಿಗೆ ಅಳತೆ ಜೊತೆಗೂಡಿದಾಗ ಅದು ಸಾಕ್ಷ್ಯವಾಯಿತು. ಬೆಟ್ಟದ ಗಾಯವಾದರೂ ದಾರಿಹೋಕನ ಕಣ್ಣಿಗೆ ಬೀಳುತ್ತದೆ. ನೀರಿನ ಕೆಳಗಿನ ಗಾಯಕ್ಕೆ ಅಳತೆಯಲ್ಲದೆ ಬೇರೆ ಸಾಕ್ಷಿಯೇ ಇಲ್ಲ.

ಎರಡನೆಯ ಆಕ್ಷೇಪ ಮೀನುಗಾರರದು. ಇಂದು ಎಣಿಸಲು ಬಂದವರು ನಾಳೆ ನಿಷೇಧದ ಫಲಕ ನೆಡುತ್ತಾರೆ ಎಂಬ ಅಳುಕು. ಮಲೆನಾಡಿನವರಾದ ನಮಗೆ ಈ ಅಳುಕಿನ ಅರ್ಥ ಚೆನ್ನಾಗಿ ಗೊತ್ತು. ಅಭಯಾರಣ್ಯದ ನಕ್ಷೆಯನ್ನು ಕಚೇರಿಯಲ್ಲಿ ಬರೆದು, ಕಾಡಿನಂಚಿನ ಜನರಿಗೆ ಕೊನೆಗೆ ತಿಳಿಸಿದ ಅನುಭವ ನಮ್ಮದು. ಆದುದರಿಂದಲೇ ನೇತ್ರಾಣಿಯ ಎಣಿಕೆಯಲ್ಲಿ ಮೀನುಗಾರರು ಮೊದಲ ದಿನದಿಂದ ಇರಬೇಕು. ಯಾವ ಬಂಡೆಯ ಮಗ್ಗುಲಲ್ಲಿ ಯಾವ ತಿಂಗಳು ಯಾವ ಮೀನು ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಮೀನು ಮರಿ ಮಾಡಲಿ ಎಂದು ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುವ ಕ್ರಮ ನಮ್ಮ ಕರಾವಳಿಯಲ್ಲಿ ಇದ್ದೇ ಇದೆ. ಕಾರಣ ಮನವರಿಕೆಯಾದರೆ ಕಾಯುವ ತಾಳ್ಮೆ ಅವರಿಗಿದೆ. ಕಾರಣ ಹೇಳಬೇಕಾದರೆ ಲೆಕ್ಕ ಬೇಕು; ಆ ಲೆಕ್ಕ ಅವರ ಭಾಷೆಯಲ್ಲಿ, ಅವರ ಕೈಗೆ ಸಿಗಬೇಕು.

ಹಾಗಾದರೆ ಆಗಬೇಕಾದುದೇನು? ಹೊಸ ಕಾನೂನೇನೂ ಬೇಕಾಗಿಲ್ಲ. ದಿಬ್ಬ ಕಟ್ಟುವ ಹವಳಗಳನ್ನು ೨೦೦೧ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಕಾನೂನಿನ ದೃಷ್ಟಿಯಲ್ಲಿ ಹವಳ ಹುಲಿಯ ಪಂಕ್ತಿಯಲ್ಲಿದೆ. ಹುಲಿಗೆ ಗಣತಿಯಿದೆ, ಹವಳಕ್ಕೂ ಇರಲಿ. ನೇತ್ರಾಣಿಯ ಸುತ್ತ ಶಾಶ್ವತ ಗುರುತು ಹಾಕಿದ ಕೆಲವು ತಾಣಗಳಲ್ಲಿ ವರ್ಷಕ್ಕೆ ಎರಡು ಬಾರಿ, ಮಳೆಗಾಲ ಕಳೆದು ನೀರು ತಿಳಿಯಾದಾಗ ಒಮ್ಮೆ, ಬೇಸಗೆಯ ಕೊನೆಗೆ ಇನ್ನೊಮ್ಮೆ, ಎಣಿಕೆ ನಡೆಯಲಿ. ಸಂಶೋಧನಾ ಸಂಸ್ಥೆಗಳು ಕ್ರಮ ಹೇಳಿಕೊಡಲಿ. ಅಲ್ಲಿ ದಿನವೂ ಮುಳುಗುವ ಸ್ಕೂಬಾ ಮಾರ್ಗದರ್ಶಕರಿಗೆ ತರಬೇತಿ ದೊರೆಯಲಿ. ೧೯೯೭ರಿಂದ ಹಲವು ದೇಶಗಳಲ್ಲಿ ‘ರೀಫ್ ಚೆಕ್’ ಎಂಬ ಹೆಸರಿನಲ್ಲಿ ಸಾಮಾನ್ಯ ಮುಳುಗುಗಾರರೇ ಹೀಗೆ ಎಣಿಸಿದ್ದಾರೆ. ಪ್ರವಾಸಿಗರಿಂದ ಪಡೆಯುವ ಹಣದ ಒಂದು ಪಾಲು ಇದಕ್ಕೆ ಸಲ್ಲಲಿ. ಲಂಗರು ಎಸೆಯುವ ಬದಲು ದೋಣಿ ಕಟ್ಟಲು ತೇಲುಬುರುಡೆಗಳಿರಲಿ. ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಗಳು ಇಡಬೇಕಾದ ಜನತಾ ದಾಖಲಾತಿಯಲ್ಲಿ ಕರಾವಳಿಯ ಊರುಗಳು ಗಿಡಮರದ ಜೊತೆಗೆ ಕಡಲನ್ನೂ ಬರೆಯಲಿ. ಕೊನೆಯದಾಗಿ, ಪ್ರತಿ ಎಣಿಕೆಯ ಫಲಿತಾಂಶ ಕನ್ನಡದಲ್ಲಿ, ಬಂದರಿನ ಫಲಕದ ಮೇಲೆ, ಯಾರು ಬೇಕಾದರೂ ಓದುವಂತೆ ಪ್ರಕಟವಾಗಲಿ. ಇವಕ್ಕೆಲ್ಲ ತಗಲುವ ವೆಚ್ಚ ಒಂದು ಕಿರುಸೇತುವೆಯ ವೆಚ್ಚವನ್ನೂ ಮೀರಲಾರದೆಂಬುದು ನಮ್ಮ ಎಣಿಕೆ.

ಗುಡ್ಡಗಾಡಿನ ಸಂಘಟನೆಗಳಾದ ನಮ್ಮ ಪಾಲೂ ಇದರಲ್ಲಿದೆ. ದೇವರಕಾಡುಗಳನ್ನು, ಔಷಧಿ ಸಸ್ಯಗಳನ್ನು, ಹೊಳೆಯ ಮೀನುಗಳನ್ನು ಊರವರೊಡನೆ ಕುಳಿತು ದಾಖಲಿಸಿದ ಅನುಭವ ನಮ್ಮವರಿಗಿದೆ. ಆ ಅನುಭವವನ್ನು ಘಟ್ಟದ ಕೆಳಗಿನ ಗೆಳೆಯರೊಡನೆ ಹಂಚಿಕೊಳ್ಳಬಹುದು. ಘಟ್ಟದ ಮೇಲೆ ಮಣ್ಣು ಸಡಿಲಗೊಂಡರೆ ಕೆಸರು ಇಳಿಯುವುದು ಅವರ ಕಡಲಿಗೇ ಎಂಬುದನ್ನೂ ನೆನಪಿಡಬೇಕು.

೨೦೨೨ರಲ್ಲಿ ಮಾರಿಕಣಿವೆಯ ಕೋಡಿ ನೋಡಲು ಹೋದ ನಾವು ೧೯೩೩ರ ಲೆಕ್ಕ ಬರೆದವನನ್ನು ನೆನೆಯಲಿಲ್ಲ. ಅವನ ಹೆಸರೂ ನಮಗೆ ಗೊತ್ತಿಲ್ಲ. ಆದರೆ ಅವನು ಬರೆದಿದ್ದ. ನೇತ್ರಾಣಿಯ ಪುಸ್ತಕದ ಎರಡನೆಯ ಪುಟವನ್ನು ಈ ವರ್ಷವೇ ಬರೆಯಲು ತೊಡಗಿದರೆ, ಮುಂದೊಂದು ದಿನ ಹವಳ ಚೇತರಿಸಿತೆಂದೋ ಇಲ್ಲವೆಂದೋ ಖಚಿತವಾಗಿ ಹೇಳಬಲ್ಲವರು ಇರುತ್ತಾರೆ.